ಅಡ್ಡಹೆಸರು

ಧಾರವಾಡದ ಕಡೆ ಹೊಸಬರ ಪರಿಚಯವಾದೊಡನೆ ಕೇಳುವುದು ಅಡ್ಡಹೆಸರನ್ನು. ಅದೊಂದು ತಿಳಿದರೆ ಊರು ತಿಳಿಯಿತು, ಮನೆತನ ತಿಳಿಯಿತು, ತಂದೆಯ ಕುಲವೂ ತಿಳಿದಂತೆಯೇ. ಆದರೆ ಎಲ್ಲ ಮನೆಗಳೂ ಈ ಲೆಕ್ಕಕ್ಕೆ ಒಗ್ಗುವುದಿಲ್ಲ.

ಹಾನಗಲ್ಲು ಇಂದಿನ ಹಾವೇರಿ ಜಿಲ್ಲೆಯ ಊರು. ಅದರ ಹೆಸರನ್ನು ದೇಶದ ಸಂಗೀತರಸಿಕರ ನಾಲಗೆಯ ಮೇಲೆ ನಿಲ್ಲಿಸಿದವರು ಗಂಗೂಬಾಯಿ. 1913ರಲ್ಲಿ ಅವರು ಹುಟ್ಟಿದ್ದು ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಗೀರರು ಬ್ರಾಹ್ಮಣರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ನಾಡಗೀರ ಎಂಬ ಹೆಸರು ಬರಲಿಲ್ಲ. ತಾಯಿಯ ಮನೆಯ ಹಾನಗಲ್ಲ ಎಂಬುದೇ ಬಂದಿತು. ಅವಳು ಹಿಂದೂಸ್ತಾನಿ ಕಲಿಯತೊಡಗಿದಾಗ, ಎಳೆಯ ಕಂಠದಲ್ಲಿ ಎರಡು ಪದ್ಧತಿಗಳು ಬೆರೆಯಬಾರದೆಂದು ಅಂಬಾಬಾಯಿ ತಮ್ಮ ಹಾಡಿಕೆಯನ್ನೇ ತೊರೆದರು.

1929ರಲ್ಲಿ, ಹದಿನಾರರ ಹರೆಯದಲ್ಲಿ, ಗಂಗೂಬಾಯಿ ವಕೀಲರಾದ ಗುರುರಾವ್ ಕೌಲಗಿಯವರ ಬಾಳಸಂಗಾತಿಯಾದರು. ಬ್ರಾಹ್ಮಣ ವಕೀಲರಿಗೂ ಗಾಯಕಿಯರ ಮನೆತನದ ಹುಡುಗಿಗೂ ಆ ಕಾಲದ ಸಮಾಜ ಒಂದೇ ಹಸೆಯನ್ನು ಹಾಸುತ್ತಿರಲಿಲ್ಲ. ಒಲವಿಗೆ ಕೊರತೆಯಿರಲಿಲ್ಲ, ಆ ಒಲವಿಗೆ ಸಲ್ಲಬೇಕಾದ ಸ್ಥಾನವೊಂದು ಮಾತ್ರ ದೊರೆಯಲಿಲ್ಲ. 1932ರಲ್ಲಿ ತಾಯಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಸಂಸಾರದ ಭಾರವೆಲ್ಲ ಕಂಠದ ಮೇಲೆ ಬಿದ್ದಿತು.

ಆ ಭಾರವನ್ನು ಹೊತ್ತೇ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಅಲ್ಲಿ ಗುರು ಸವಾಯಿ ಗಂಧರ್ವರು. ಅವರ ಮನೆಗೆಲಸ ಮಾಡುತ್ತ ಕಲಿಯುತ್ತಿದ್ದ ರೋಣದ ಹುಡುಗ ಭೀಮಸೇನ ಜೋಶಿ. ಪಾಠ ಮುಗಿದ ಮೇಲೆ ಗಂಗೂಬಾಯಿಯವರನ್ನು ನಿಲ್ದಾಣದವರೆಗೆ ಕಳುಹಿಸಿ ಬರುವುದು ಆ ಹುಡುಗನ ಕೆಲಸ. ಜಾತಿ ಬೇರೆ, ವಯಸ್ಸಿನಲ್ಲಿಯೂ ಒಂಬತ್ತು ವರ್ಷಗಳ ಅಂತರ. ಆದರೂ ಅವರದು ಅಕ್ಕ-ತಮ್ಮಂದಿರ ಗೆಳೆತನ. 1952ರಲ್ಲಿ ಗುರುಗಳು ಗತಿಸಿದ ನಂತರವೂ ಅವರ ಸ್ಮರಣೆಯ ಉತ್ಸವಗಳಲ್ಲಿ ಈ ಇಬ್ಬರೂ ದಶಕಗಳ ಕಾಲ ಹಾಡಿದರು. ರಕ್ತದಿಂದ ಬಾರದ ನಂಟು ಕೊನೆಯವರೆಗೂ ಸವೆಯಲಿಲ್ಲ.

ಇತ್ತ ಮಗಳು ಕೃಷ್ಣಾ ಸ್ವತಃ ಸಮರ್ಥ ಗಾಯಕಿ. ಆದರೆ ಆಕೆ ಆರಿಸಿಕೊಂಡ ಸ್ಥಾನ ತಾಯಿಯ ಬೆನ್ನ ಹಿಂದಿನದು. ತಾಯಿಯ ದನಿಗೆ ದನಿಗೂಡಿಸುತ್ತಲೇ ಆಯುಷ್ಯವನ್ನು ಕಳೆದು, 2004ರಲ್ಲಿ ತಾಯಿಗಿಂತ ಮೊದಲೇ ನಡೆದುಬಿಟ್ಟರು. ಅಜ್ಜಿ ತನ್ನ ದನಿಯನ್ನು ಅಡಗಿಸಿದಳು. ಮೊಮ್ಮಗಳು ತನ್ನ ದನಿಯನ್ನು ಧಾರೆಯೆರೆದಳು. ನಡುವಿನವರಿಗೆ ಪದ್ಮವಿಭೂಷಣದವರೆಗೆ ಕೀರ್ತಿ ಬಂದಿತು. ಈ ಪ್ರೀತಿಯನ್ನು ಕೊಂಡಾಡುವವರು ಅದಕ್ಕೆ ತೆತ್ತ ಬೆಲೆಯನ್ನೂ ನೆನೆಯುವುದು ನ್ಯಾಯ. ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಬಿಟ್ಟುಕೊಟ್ಟುದರಿಂದ ನಿಂತ ಮನೆ ಅದು.

2009ರಲ್ಲಿ ಗಂಗೂಬಾಯಿ ಹುಬ್ಬಳ್ಳಿಯಲ್ಲಿ ಕಣ್ಣುಮುಚ್ಚಿದರು. ಆ ಕಣ್ಣುಗಳನ್ನೂ ದಾನ ಮಾಡಿ ಹೋದರು. ಕೌಲಗಿಯವರ ಮಕ್ಕಳು ಲೋಕಕ್ಕೆ ಪರಿಚಿತರಾದದ್ದು ಹಾನಗಲ್ಲರೆಂದೇ. ತಂದೆಯ ಹೆಸರು ದೊರೆಯದಿರುವುದು ಒಂದು ಕಾಲಕ್ಕೆ ಕೀಳರಿಮೆಯ ಗುರುತಾಗಿತ್ತು. ತಾಯಿಯಿಂದ ಬಂದ ಆ ಅಡ್ಡಹೆಸರನ್ನು ಕೇಳಿದರೆ ಇಂದು ಸಭೆ ಎದ್ದು ನಿಲ್ಲುತ್ತದೆ.