ಮೂರು ಪಾವು ಅಕ್ಕಿ, ಒಂದು ಪಾವು ಉದ್ದು

ಕಳೆದ ತಿಂಗಳು ಮಗಳು ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು, ಮಂಚದ ಮೇಲೆ ಮುಖ ಮುಚ್ಚಿ ಮಲಗಿಬಿಟ್ಟಳು. ಆರನೇ ಕ್ಲಾಸು. ಗಣಿತದ ಟೆಸ್ಟ್‌ನಲ್ಲಿ 20ಕ್ಕೆ 6. "ನಂಗೆ ಭಿನ್ನರಾಶಿ ಈ ಜನ್ಮದಲ್ಲಿ ಬರಲ್ಲಮ್ಮ" ಅಂತ ಅಳು. ನನ್ನೆದೆ ಧಸಕ್ಕೆಂದಿತು. ಇದೇ ಮಾತು ಹೇಳಿಕೊಂಡು ಎಸ್ಸೆಸ್ಸೆಲ್ಸಿ ಆದಮೇಲೆ ಲೆಕ್ಕಕ್ಕೆ ಕೈಮುಗಿದವಳು ನಾನು.

ಪ್ರಶ್ನೆ ಹೀಗಿತ್ತು: ಮಿಶ್ರಣದಲ್ಲಿ 3 ಭಾಗ ಅಕ್ಕಿ, 1 ಭಾಗ ಉದ್ದು ಇದೆ. ಉದ್ದಿನ ಪಾಲೆಷ್ಟು? ಇವಳು 1/3 ಅಂತ ಬರೆದಿದ್ದಳು. ನಿಜ ಹೇಳ್ಬೇಕಂದ್ರೆ ನಾನೂ ಅದನ್ನೇ ಬರೀತಿದ್ದೆ!

ನಮ್ಮತ್ತೆ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಆಗಷ್ಟೇ ದೋಸೆಗೆ ನೆನೆಹಾಕಲು ಪಾವು ಹಿಡಿದಿದ್ದರು. "ಬಾ ಪುಟ್ಟಿ ಇಲ್ಲಿ. ಮೂರು ಪಾವು ಅಕ್ಕಿ, ಒಂದು ಪಾವು ಉದ್ದು ಹಾಕ್ದೆ. ಎಲ್ಲಾ ಸೇರಿ ಎಷ್ಟಾಯ್ತು?"

"ನಾಲ್ಕು ಪಾವು."

"ಅಂದ್ರೆ ಒಂದು ಸೇರು. ಸೇರಿನಲ್ಲಿ ಒಂದು ಪಾವು ಅಂದ್ರೆ?"

"ಕಾಲು... ಅಯ್ಯೋ, 1/4!"

ಅಷ್ಟೇ ವಿಷಯ. ಅಕ್ಕಿಯ ಪಕ್ಕ ಇಟ್ಟು ನೋಡಿದರೆ ಉದ್ದು ಮೂರರಲ್ಲಿ ಒಂದು. ಇಡೀ ಹಿಟ್ಟಿನಲ್ಲಿ ನೋಡಿದರೆ ನಾಲ್ಕರಲ್ಲಿ ಒಂದು. ಕೆಳಗೆ ಬರೆಯಬೇಕಾದ್ದು ಅಕ್ಕಿಯನ್ನಲ್ಲ, ಒಟ್ಟನ್ನು.

ನಿಜವಾದ ಪರೀಕ್ಷೆ ಬಂದದ್ದು ಮುಂದಿನ ಭಾನುವಾರ. ಮನೆಯಲ್ಲಿ ನಾವು ಕುಡಿಯೋದು 80-20 ಕಾಫಿ. ಯಜಮಾನರು ಮರೆತು 70-30ರ ಅರ್ಧ ಕೆಜಿ ಪುಡಿ ತಂದುಬಿಟ್ಟರು. ಒಂದು ಗುಟುಕು ಕುಡಿದ ಅತ್ತೆ ಲೋಟ ಕೆಳಗಿಟ್ಟರು. "ಇದು ಕಾಫಿನಾ, ಚಿಕೋರಿ ಕಷಾಯನಾ?"

"ಅದಕ್ಕೇನಂತೆ, ಶೇಕಡಾ 10 ತಾನೇ ಕಮ್ಮಿ? 50 ಗ್ರಾಂ ಬರೀ ಕಾಫಿ ಪುಡಿ ಬೆರೆಸಿದ್ರಾಯ್ತು" ಅಂದರು ಇವರು.

"ಇಲ್ಲಪ್ಪಾ!" ಅಂತ ಮಗಳು ಪೆನ್ಸಿಲ್ ಹಿಡಿದು ಕೂತಳು. 500 ಗ್ರಾಂನಲ್ಲಿ ಚಿಕೋರಿ 150. ಕಾಫಿ ಎಷ್ಟೇ ಸುರಿದರೂ ಆ 150 ಕರಗಿ ಹೋಗಲ್ಲ, ಒಟ್ಟು ಮಾತ್ರ ಬೆಳೆಯುತ್ತೆ. 50 ಗ್ರಾಂ ಹಾಕಿದರೆ 550ರಲ್ಲಿ 150, ಅಂದ್ರೆ 3/11. ಇನ್ನೂ ಶೇಕಡಾ 27ರ ಮೇಲೇ! ನಮಗೆ ಬೇಕಾದ್ದು 1/5. 150 ಅನ್ನೋದು ಐದರಲ್ಲಿ ಒಂದು ಪಾಲಾಗಬೇಕಾದರೆ ಒಟ್ಟು 750 ಇರಬೇಕು. "ಕಾಲು ಕೆಜಿ ತನ್ನಿ ಅಪ್ಪಾ!"

ಯಜಮಾನರು ತೆಪ್ಪಗೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಸಂಜೆಯ ಕಾಫಿಗೆ ಅತ್ತೆ ಏನೂ ಹೇಳಲಿಲ್ಲ. ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡರು.

ಹಾಗಂತ ಮಗಳಿಗೀಗ ನೂರಕ್ಕೆ ನೂರು ಬರ್ತಿದೆ ಅಂದ್ಕೋಬೇಡಿ. ಮೊನ್ನೆ ಟೆಸ್ಟ್‌ನಲ್ಲಿ 20ಕ್ಕೆ 13. ಆದರೆ "ಬರಲ್ಲ" ಅನ್ನೋ ಮಾತು ಬಿಟ್ಟಿದ್ದಾಳೆ. ನಾನೂ ಬಿಟ್ಟಿದ್ದೀನಿ. ನಿಮ್ಮನೆ ಮಗುವೂ ಭಿನ್ನರಾಶಿ ಕಂಡು ಅಳ್ತಿದ್ರೆ ಟ್ಯೂಷನ್ ಹುಡುಕುವ ಮೊದಲು ಒಂದ್ಸಲ ಅಡುಗೆಮನೆಗೆ ಕರೀರಿ. ಪಾವು ಅದರ ಕೈಗೇ ಕೊಡಿ.