ಒಂದು ದಿನದ ಮರಿಗೆ 'ಹೆಣ್ಣು' ಅಂತ ಹೆಚ್ಚಿನ ರೊಕ್ಕ ಕೊಡಬ್ಯಾಡ್ರಿ

ನಮ್ಮ ಚಿಕ್ಕೇರೂರು ಸುತ್ತಮುತ್ತ ಕೋಳಿಮರಿ ಮಾರೋರು ಬೈಕಿನ ಮ್ಯಾಲೆ ಬುಟ್ಟಿ ಕಟ್ಟಿಕೊಂಡು ಬರ್ತಾರ. "ಎಲ್ಲಾ ಹ್ಯಾಟಿ ಮರಿ ಅಕ್ಕಾ, ಒಂದೂ ಹುಂಜ ಇಲ್ಲ" ಅಂತ ಹೇಳಿ ಮರಿಗೆ ಹತ್ತು-ಹದಿನೈದು ರೂಪಾಯಿ ಹೆಚ್ಚಿಗೆ ತಗೋತಾರ. ನನ್ನ ಅಭಿಪ್ರಾಯ ನೇರ ಹೇಳ್ತೀನಿ: ನಾಟಿ ಕೋಳಿಯ ಎಳೇ ಮರಿ ನೋಡಿ ಗಂಡೋ ಹೆಣ್ಣೋ ಅಂತ ಮನಿ ಬಾಗಿಲಾಗ ನಿಂತು ಹೇಳಾಕ ಆಗೂದಿಲ್ಲ. ಹೇಳಿದ್ರ ಅದು ಅಂದಾಜು. ಅಂದಾಜಿಗೆ ರೊಕ್ಕ ಕೊಡಬಾರದು.

"ದೊಡ್ಡ ಹ್ಯಾಚರಿಯಾಗ ಬೇರೆ ಮಾಡ್ತಾರಲ್ಲ?" ಅಂತ ಕೇಳಬಹುದು. ಹೌದು, ಮಾಡ್ತಾರ. ಒಂದು, ಮರಿಯ ಹಿಂಭಾಗ ಬಿಡಿಸಿ ಒಳಗಿನ ಸಣ್ಣ ಗುಬಟು ನೋಡೋದು. ಇದು 1930ರ ದಶಕದಾಗ ಜಪಾನಿನಿಂದ ಜಗತ್ತಿಗೆ ಹಬ್ಬಿದ ವಿದ್ಯೆ, ಕಲಿಯಾಕ ವರ್ಷಗಟ್ಟಲೆ ಬೇಕು. ಕಲೀದವರು ಹಿಚುಕಿದ್ರ ಮರಿ ಸಾಯ್ತಾವು, ದಯವಿಟ್ಟು ಮನ್ಯಾಗ ಪ್ರಯತ್ನ ಮಾಡಬ್ಯಾಡ್ರಿ. ಇನ್ನೊಂದು, ರೆಕ್ಕಿ ಗರಿ ನೋಡೋದು. ಉದ್ದ-ಗಿಡ್ಡ ಎರಡು ಸಾಲು ಇದ್ರ ಹೆಣ್ಣು, ಸಮ ಇದ್ರ ಗಂಡು. ಮೂರನೇದು ಬಣ್ಣ ನೋಡೋದು.

ಆದ್ರ ಗರಿ, ಬಣ್ಣದ ಗುರುತು ಎಲ್ಲಾ ತಳಿಗೂ ನಡೆಯೂದಿಲ್ಲ. ನಮ್ಮ ಕಡೆ ಬೀಜೋತ್ಪಾದನೆ ಮಾಡೋರಿಗೆ ಇದು ಲಗೂನ ತಿಳೀತದ. ಗೋವಿನಜೋಳದ ಬೀಜದ ಪ್ಲಾಟಿನಾಗ ಗಂಡು ಸಾಲು ಬೇರೆ, ಹೆಣ್ಣು ಸಾಲು ಬೇರೆ ಹಾಕ್ತೀವಿ. ಆ ಜೋಡಿ ಸರಿ ಇದ್ರಷ್ಟ ಆ ಹೈಬ್ರಿಡ್. ಕೋಳಿಯಾಗೂ ಹಂಗ. ಗರಿ ಲಗೂ ಬರೋ ತಳಿಯ ಹುಂಜಕ್ಕ ತಡವಾಗಿ ಬರೋ ತಳಿಯ ಹ್ಯಾಟಿ ಕೂಡಿಸಿದ್ರ ಮಾತ್ರ ಆ ಮರಿಯಾಗ ಗುರುತು ಕಾಣ್ತದ. ಆ ಮರಿಗಳನ್ನ ತಮ್ಮತಮ್ಮೊಳಗ ಬಿಟ್ಟು ಮುಂದಿನ ಮರಿ ಮಾಡಿದ್ರ ಗುರುತು ಕೆಡ್ತದ. ನಮ್ಮ ತಿಪ್ಪಿ ಮ್ಯಾಲಿನ ನಾಟಿ ಕೋಳಿಗೆ ಅಪ್ಪ ಯಾರು ಅನ್ನೋದ ಗೊತ್ತಿಲ್ಲ, ಗರಿ ನೋಡಿ ಏನು ಹೇಳ್ತೀರಿ?

ಜಾತ್ರಿಯಾಗ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರೋ ಮರಿ ಇರ್ತಾವಲ್ಲ, ಅವು ಬಹುಪಾಲು ಲೇಯರ್ ಹ್ಯಾಚರಿಯಾಗ ಬ್ಯಾಡಾಗಿ ಬಿಟ್ಟ ಗಂಡು ಮರಿ. ತತ್ತಿ ಇಡೂದಿಲ್ಲ, ಬ್ರಾಯ್ಲರ್ ಹಂಗ ತೂಕಾನೂ ಬರೂದಿಲ್ಲ, ಅದಕ್ಕ ಅಗ್ಗ. ಮಕ್ಕಳು ಅತ್ತರಂತ ತಗೊಳ್ರಿ, ತತ್ತಿ ಆಸೆಗೆ ತಗೋಬ್ಯಾಡ್ರಿ.

ಗುಂಡಗಿನ ತತ್ತಿ ಕಾವಿಗಿಟ್ರ ಹ್ಯಾಟಿ, ಚೂಪು ತತ್ತಿ ಇಟ್ರ ಹುಂಜ ಅನ್ನೋ ಮಾತೂ ಐತಿ. ತತ್ತಿ ಆಕಾರಕ್ಕೂ ಒಳಗಿನ ಮರಿಗೂ ಸಂಬಂಧ ಇಲ್ಲ. ಕೋಳಿಯಾಗ ಗಂಡು-ಹೆಣ್ಣು ತೀರ್ಮಾನ ಆಗೋದು ತಾಯಿ ಕಡೆಯಿಂದ, ತತ್ತಿಗೆ ಸಿಪ್ಪಿ ಕಟ್ಟೋಕಿಂತ ಮೊದಲ. ಮನುಷ್ಯರಾಗ ಉಲ್ಟಾ, ಅಪ್ಪನ ಕಡೆಯಿಂದ. ಆದ್ರೂ ಹೆಣ್ಣು ಹುಟ್ಟಿದ್ರ ಬೈಸಿಕೊಳ್ಳಾಕಿ ಸೊಸಿ!

ಹಂಗಾದ್ರ ಯಾವಾಗ ಗೊತ್ತಾಗ್ತದ? ಐದಾರು ವಾರಕ್ಕ ಹುಂಜದ ಜುಟ್ಟು ಕೆಂಪಗ, ದೊಡ್ಡದು ಆಗ್ತದ, ಕಾಲು ದಪ್ಪ ಕಾಣ್ತಾವು. ಆದ್ರ ಜುಟ್ಟು ಸಣ್ಣದಿರೋ ಕಾಳಗದ ತಳಿಯಾಗ ಇದು ಮೋಸ ಮಾಡ್ತದ. ನಂಬಿಕಿ ಗುರುತು ಅಂದ್ರ ಬಾಲದ ಬುಡದಾಗ, ಬೆನ್ನ ಮ್ಯಾಲಿನ ಗರಿ. ಎರಡೂವರೆ-ಮೂರು ತಿಂಗಳಿಗೆ ಹುಂಜಕ್ಕ ಅಲ್ಲಿ ಚೂಪಾದ, ಹೊಳಿಯೋ, ಉದ್ದನ ಗರಿ ಇಳೀತಾವು. ಹ್ಯಾಟಿಗೆ ಗರಿ ತುದಿ ಗುಂಡಗ ಇರ್ತದ. ಕೈಯಾಗ ಹಿಡದು ನೀವ ನೋಡ್ರಿ.

ಇದು ಸಣ್ಣ ವಿಷಯ ಅಲ್ಲ. ತತ್ತಿ ರೊಕ್ಕ ಮನಿ ಹೆಣ್ಣುಮಕ್ಕಳ ಕೈಖರ್ಚು. ಸಂಘದಾಗ ಸಾಲ ತಗೊಂಡು ಇಪ್ಪತ್ತು ಮರಿ ಬಿಟ್ಟಾಕಿ ಇಪ್ಪತ್ತು ಹ್ಯಾಟಿ ಲೆಕ್ಕ ಹಾಕಿರ್ತಾಳ. ಮೂರು ತಿಂಗಳಿಗೆ ಹತ್ತು ಹುಂಜ ಎದ್ದು ನಿಂತ್ರ ತತ್ತಿ ಅರ್ಧ, ಕಂತು ಮಾತ್ರ ಪೂರ್ತಿ. ಅಷ್ಟೊತ್ತಿಗೆ ಮಾರಿದವ ಯಾವ ಊರಾಗೋ.

ಮಾರೋರೆಲ್ಲ ಸುಳ್ಳರು ಅಂತ ನಾ ಅನ್ನೂದಿಲ್ಲ. ಅವರಿಗೂ ಮ್ಯಾಲಿನವರು ಹಂಗ ಹೇಳಿ ಕಳಿಸಿರ್ತಾರ. ಅದಕ್ಕ ಜಗಳ ಬ್ಯಾಡ, ವ್ಯವಹಾರ ಬದಲ ಮಾಡ್ರಿ. ಎಳೇ ಮರಿ ತಗೊಂಡ್ರ ಅರ್ಧ ಗಂಡು ಅಂತ ಲೆಕ್ಕ ಹಿಡೀರಿ, ಒಂದ ರೇಟು ಕೊಡ್ರಿ. ಹ್ಯಾಟಿನ ಬೇಕಂದ್ರ ಮೂರು ತಿಂಗಳ ಕೋಳಿ, ರಾಣಿಖೇತ ಲಸಿಕಿ ಆಗಿದ್ದು, ಬೆನ್ನ ಗರಿ ನೋಡಿ ತಗೊಳ್ರಿ. ರೇಟು ಜಾಸ್ತಿ ಅನಸ್ತದ, ಆದ್ರ ಕಾಗಿ, ಬೆಕ್ಕು, ರೋಗಕ್ಕ ಮರಿ ಕಳಕೊಳ್ಳೋ ದಿನ ದಾಟಿರ್ತದ. ಎಂಟ-ಹತ್ತು ಹ್ಯಾಟಿಗೆ ಒಂದು ಹುಂಜ ಸಾಕು. ಉಳಿದ ಹುಂಜ ಜಾತ್ರಿ ಮುಂದ ಮಾರಿದ್ರ ಅದೂ ರೊಕ್ಕನ.

ಮನ್ಯಾಗಿನ ಹೆಣ್ಣುಮಕ್ಕಳಿಗೆ ಇದನ್ನ ಓದಿ ಹೇಳ್ರಿ. ಬುಟ್ಟಿ ಬಂದಾಗ ಬಾಗಿಲಾಗ ನಿಲ್ಲೋರು ಅವರ.