ಪಿಎಚ್ ಇಳಿದರೆ ಮೊದಲು ಪ್ರೋಬನ್ನು ಅನುಮಾನಿಸಿ

ಲ್ಯಾಬಲ್ಲಿ ದಿನಾ ಪಿಎಚ್ ಪ್ರೋಬ್ ಕ್ಯಾಲಿಬ್ರೇಟ್ ಮಾಡೋ ನಾವು, ನೆದರ್‌ಲ್ಯಾಂಡ್ಸ್‌ನ ನಮ್ಮ ಮನೆಯ ಹವಳದ ತೊಟ್ಟಿಯ ಪ್ರೋಬನ್ನು ಎಂಟು ತಿಂಗಳು ಮುಟ್ಟಿರಲಿಲ್ಲ. ಚಳಿಗಾಲದಲ್ಲಿ ಮೀಟರ್ 7.7 ತೋರಿಸ್ತು. ಕಿಟಕಿ ಮುಚ್ಚಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯೋದು ನಿಜವೇ, ಹಾಗಾಗಿ ನಂಬಿಬಿಟ್ಟೆವು. ಸುಣ್ಣದ ತಿಳಿನೀರು ಸುರಿದೆವು. ಎರಡು ಹವಳ ಸತ್ತವು. ಕೆಟ್ಟಿದ್ದು ನೀರಲ್ಲ, ಪ್ರೋಬ್‌ನ ಅಳತೆ.

ಆರ್ನೆಮ್‌ನ ಬರ್ಗರ್ಸ್ ಮೃಗಾಲಯದ ಹವಳದ ತೊಟ್ಟಿಯಲ್ಲಿ ಲಕ್ಷಗಟ್ಟಲೆ ಲೀಟರ್ ನೀರಿದೆ. ನಮ್ಮದು ಬರೀ ನೂರು ಲೀಟರ್. ಇಲ್ಲಿ ಒಂದು ಲೋಟದ ತಪ್ಪೂ ದುಬಾರಿ.

ಹವಳದ ತೊಟ್ಟಿಯ ಪಿಎಚ್ ಸಾಮಾನ್ಯವಾಗಿ 7.8ರಿಂದ 8.4ರೊಳಗೆ ಇರತ್ತೆ. ಅದಕ್ಕೇ ಕ್ಯಾಲಿಬ್ರೇಶನ್‌ಗೆ 7 ಮತ್ತು 10, ಎರಡೂ ಬಫರ್ ದ್ರಾವಣ ಬೇಕು. 10ರದ್ದು ಗಾಳಿ ತಗುಲಿದರೆ ಇಳಿಯತ್ತೆ. ಅಂಥದ್ದರಲ್ಲಿ ಹೊಂದಿಸಿದ ಮೀಟರ್ ತೊಟ್ಟಿಯ ಪಿಎಚ್ಚನ್ನು ಇರೋದಕ್ಕಿಂತ ಹೆಚ್ಚು ತೋರಿಸತ್ತೆ. ಪ್ರತಿ ಸಲ ಹೊಸ ಪೊಟ್ಟಣ ಒಡೆಯಿರಿ. ಉಷ್ಣತೆಯನ್ನೂ ಗಮನಿಸಿ: ಅದೇ ಬಫರ್ 25 ಡಿಗ್ರಿಯಲ್ಲಿ 10.01, 20ರಲ್ಲಿ 10.06. ಒಡೆಯೋ ಮುಂಚೆ ಪೊಟ್ಟಣವನ್ನು ತೊಟ್ಟಿಯಲ್ಲೇ ಸ್ವಲ್ಪ ಹೊತ್ತು ತೇಲಿಬಿಡಿ.

ತಿಂಗಳಿಗೊಮ್ಮೆ ಹತ್ತು ನಿಮಿಷದ ಕೆಲಸ. ಅಷ್ಟೂ ಪುರುಸೊತ್ತಿಲ್ಲದಿದ್ದರೆ ಮೀಟರ್ ತೆಗೆದಿಡಿ ಅಂತೀವಿ. ಸುಳ್ಳು ಅಂಕಿಗಿಂತ ಅಂಕಿಯೇ ಇಲ್ಲದಿರೋದು ಹವಳಕ್ಕೆ ಕ್ಷೇಮ.